ಶ್ವಾಸವೂ ವಿಶ್ರಾಂತಿಯೂ: ಹೊಸಬರಿಗೆ ಮೊದಲ ಪಾಠ

ಈ ಸಂಚಿಕೆಯನ್ನು ಓದತಕ್ಕವರಲ್ಲಿ ಹೆಚ್ಚಿನವರು ಗೃಹಿಣಿಯರಾದ ಹಳೆಯ ವಿದ್ಯಾರ್ಥಿನಿಯರು. ಉಳಿದವರು ಪರೀಕ್ಷೆಗೆ ಕುಳಿತುಕೊಳ್ಳಬೇಕಾದ ಬಾಲಿಕೆಯರ ತಂದೆತಾಯಿಗಳು. ಇಬ್ಬರಿಗೂ ಸಮಾನವಾದ ಒಂದು ಕೊರತೆಯುಂಟು. ರಾತ್ರಿ ದೀಪವಾರಿಸಿ ಮಲಗಿದ ಮೇಲೆಯೂ ಮನಸ್ಸು ಮಾತ್ರ ಅಡಿಗೆಮನೆಯಲ್ಲಿಯೋ, ಸಾಲದ ಲೆಕ್ಕದಲ್ಲಿಯೋ, ಮಗಳ ಅಂಕಪಟ್ಟಿಯಲ್ಲಿಯೋ ಅಲೆಯುತ್ತಿರುವುದು. ದೇಹವು ಹಾಸಿಗೆಯ ಮೇಲಿದ್ದರೂ ವಿಶ್ರಾಂತಿಯಿಲ್ಲ. ಬೆಳಿಗ್ಗೆ ಎದ್ದಾಗ ಹಿಂದಿನ ದಿನದ ಆಯಾಸವೇ ಮುಂದುವರಿದಿರುತ್ತದೆ. ಅದರ ಫಲವನ್ನು ಮನೆಯ ಮಕ್ಕಳು ಗದರಿಕೆಯ ರೂಪದಲ್ಲಿ ಅನುಭವಿಸುತ್ತಾರೆ. ಇಂಥವರಿಗೆ ಹಣವೂ ಸಲಕರಣೆಯೂ ಬೇಡದ ಒಂದು ಅಭ್ಯಾಸವಿರುವುದು. ಅದನ್ನು ಮೊದಲಿನಿಂದ ತಿಳಿಸುವುದೇ ಈ ಪಾಠದ ಉದ್ದೇಶ.

ಈ ವಿದ್ಯೆಯು ನಮ್ಮ ಸೀಮೆಗೆ ಹೊಸದಲ್ಲ. ಇಂದು ಲೋಕದ ನಾನಾ ದೇಶಗಳಲ್ಲಿ ಕಲಿಸಲ್ಪಡುತ್ತಿರುವ ಯೋಗಾಭ್ಯಾಸದ ಒಂದು ದೊಡ್ಡ ಕವಲು ಚಿತ್ರದುರ್ಗದ ಜಿಲ್ಲೆಯವರಿಂದಲೇ ಹರಿದದ್ದೆಂದರೆ ಅನೇಕರಿಗೆ ಆಶ್ಚರ್ಯವಾದೀತು. ತಿರುಮಲೈ ಕೃಷ್ಣಮಾಚಾರ್ಯರು 1888ರಲ್ಲಿ ಆಗಿನ ಚಿತ್ರದುರ್ಗ ಜಿಲ್ಲೆಯ ಮುಚುಕುಂದಪುರದಲ್ಲಿ ಜನಿಸಿದರು. ನಾಲ್ವಡಿ ಕೃಷ್ಣರಾಜ ಒಡೆಯರವರ ಆಶ್ರಯದಲ್ಲಿ 1933ರಿಂದ ಮೈಸೂರಿನ ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ ಪಾಠ ಹೇಳಿದರು. 1934ರಲ್ಲಿ ಅವರ 'ಯೋಗಮಕರಂದ'ವು ಪ್ರಕಟವಾಯಿತು. ಅದು ಬರೆಯಲ್ಪಟ್ಟದ್ದು ಕನ್ನಡದಲ್ಲಿಯೇ. ರೀಗಾ ನಗರದಲ್ಲಿ 1899ರಲ್ಲಿ ಹುಟ್ಟಿ ಮುಂದೆ ಇಂದ್ರಾದೇವಿಯೆಂದು ಹೆಸರಾದ ಮಹಿಳೆಯು ಶಿಷ್ಯಳಾಗಲು ಬಂದಾಗ ಆಚಾರ್ಯರು ಮೊದಲು ಒಪ್ಪಲಿಲ್ಲ. ಹೆಂಗಸು, ಅದರ ಮೇಲೆ ವಿದೇಶಿ! ಮಹಾರಾಜರು ಹೇಳಿದ ಮೇಲೆ ಒಪ್ಪಿದರು. ಆಕೆ 1947ರಲ್ಲಿ ಅಮೆರಿಕೆಯ ಹಾಲಿವುಡ್ಡಿನಲ್ಲಿ ಯೋಗಶಾಲೆಯನ್ನು ತೆರೆದರು. ಹೆಣ್ಣುಮಕ್ಕಳಿಗೆ ಇದು ತಕ್ಕದ್ದಲ್ಲವೆಂದು ಹೇಳುವವರಿಗೆ ಈ ಒಂದು ಉದಾಹರಣೆಯೇ ಸಾಕು.

ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯನ್ನು ಅರಿಯದವರು ನಮ್ಮಲ್ಲಿ ಯಾರು? ರಾಘವೇಂದ್ರ ಸ್ವಾಮಿಗಳು 1943ರಲ್ಲಿ ಅಲ್ಲಿ ಅನಾಥಸೇವಾಶ್ರಮವನ್ನು ಸ್ಥಾಪಿಸಿ, ವೈದ್ಯವನ್ನೂ ವ್ಯಾಯಾಮವನ್ನೂ ಯೋಗವನ್ನೂ ಜೊತೆಯಾಗಿ ಕಲಿಸಿದರು, 'ತಿರುಕ' ಎಂಬ ಹೆಸರಿನಿಂದ ಗ್ರಂಥಗಳನ್ನು ಬರೆದರು, 1996ರಲ್ಲಿ ದೈವಾಧೀನರಾದರು. ಊರೂರಿಗೆ ಹೋಗಿ ಯೋಗ ಶಿಬಿರಗಳನ್ನು ನಡೆಯಿಸುತ್ತಿದ್ದ ಅವರ ಪದ್ಧತಿಯು ಈ ವಿದ್ಯೆಯನ್ನು ಗುಹೆಯಿಂದ ಪೇಟೆಯ ಬೀದಿಗೆ ತಂದಿತು. ಗುಹೆಗಳೂ ಇಲ್ಲದಿಲ್ಲ, ಚಂದ್ರವಳ್ಳಿಯ ಅಂಕಲಿ ಮಠದ ನೆಲದಡಿಯ ಕೋಣೆಗಳಿಗೆ ವಿಹಾರಕ್ಕೆ ಹೋದವರು ಅಲ್ಲಿಯ ನಿಶ್ಶಬ್ದವನ್ನು ಮರೆತಿರಲಾರರು. ಆದರೆ ಮೂರು ಮಕ್ಕಳ ತಾಯಿಗೆ ಗುಹೆ ಎಲ್ಲಿಯದು? ಆಕೆಗೆ ಹಾಲು ಕಾಯುವಷ್ಟು ಹೊತ್ತು ದೊರೆತರೆ ಅದೇ ದೊಡ್ಡದು. ಈ ಪಾಠವು ಅಂಥವಳಿಗಾಗಿ ಬರೆದದ್ದು.

ಮೊದಲು ಕಾರಣವನ್ನು ತಿಳಿಯೋಣ. ವಿಶ್ರಾಂತಿಯಲ್ಲಿರುವ ವಯಸ್ಕರು ನಿಮಿಷಕ್ಕೆ ಸುಮಾರು 12ರಿಂದ 20 ಸಾರಿ ಉಸಿರಾಡುತ್ತಾರೆ. ಒಂದು ಸಾರಿಗೆ ಸುಮಾರು ಅರ್ಧ ಲೀಟರಿನಷ್ಟು ಗಾಳಿಯು ಒಳಹೊಕ್ಕು ಹೊರಬರುವುದು. ಎದೆಗೂ ಹೊಟ್ಟೆಗೂ ನಡುವೆ ಕಮಾನಿನಂತಿರುವ ವಪೆಯೆಂಬ ಸ್ನಾಯುವು ಕೆಳಗಿಳಿದಾಗ ಶ್ವಾಸಕೋಶಗಳು ತುಂಬುತ್ತವೆ, ಹೊಟ್ಟೆಯು ತುಸು ಮುಂದಕ್ಕೆ ಬರುತ್ತದೆ. ಭಯ ಅಥವಾ ಕೋಪ ಬಂದಾಗಲಾದರೋ ನಾವು ಎದೆಯ ಮೇಲ್ಭಾಗದಿಂದ ತುಂಡುತುಂಡಾಗಿ ಉಸಿರಾಡುತ್ತೇವೆ. ಹೃದಯದ ಬಡಿತ, ಜೀರ್ಣಕ್ರಿಯೆ, ಬೆವರು ಇವು ನಮ್ಮ ಅಪ್ಪಣೆಗೆ ಒಳಪಟ್ಟವುಗಳಲ್ಲ. ಉಸಿರು ಮಾತ್ರ ವಿಚಿತ್ರವಾದದ್ದು: ತಾನಾಗಿಯೂ ನಡೆಯುವುದು, ನಾವು ನಡೆಯಿಸಿದಂತೆಯೂ ನಡೆಯುವುದು. ಉಸಿರನ್ನೆಳೆದಾಗ ಹೃದಯದ ಬಡಿತ ಸ್ವಲ್ಪ ಚುರುಕಾಗಿ, ಬಿಟ್ಟಾಗ ಸ್ವಲ್ಪ ನಿಧಾನವಾಗುವುದನ್ನು ಶರೀರಶಾಸ್ತ್ರಜ್ಞರು ಅಳೆದು ತೋರಿಸಿದ್ದಾರೆ. ಮಿದುಳಿನಿಂದ ಹೃದಯಕ್ಕೂ ಹೊಟ್ಟೆಗೂ ಇಳಿಯುವ ವೇಗಸ್ ಎಂಬ ನರವು ಇದಕ್ಕೆ ಕಾರಣ. ಆದುದರಿಂದ ಹೊರಬಿಡುವ ಉಸಿರನ್ನು ನೀಳಮಾಡಿದವರಿಗೆ ಬಡಿತವು ತಗ್ಗುವ ಅವಕಾಶ ಹೆಚ್ಚು ದೊರೆಯುತ್ತದೆ. ಮನಸ್ಸಿಗೆ 'ಸುಮ್ಮನಿರು' ಎಂದು ಎಷ್ಟು ಹೇಳಿದರೂ ಅದು ಕೇಳದು. ಉಸಿರಿನ ಮೂಲಕ ಹೇಳಿದರೆ ಅಷ್ಟಿಷ್ಟು ಕೇಳುವುದು.

ಇನ್ನು ಅಭ್ಯಾಸ. ಊಟವಾದ ಒಡನೆ ಬೇಡ. ಬೆನ್ನು ನೆಟ್ಟಗಿರುವಂತೆ ಚಾಪೆಯ ಮೇಲಾಗಲಿ ಕುರ್ಚಿಯ ಮೇಲಾಗಲಿ ಕುಳಿತುಕೊಳ್ಳತಕ್ಕದ್ದು. ಪದ್ಮಾಸನವೇ ಆಗಬೇಕೆಂಬ ನಿಯಮವಿಲ್ಲ. ಮಂಡಿನೋವಿನವರು ನೆಲದ ಮೇಲೆ ಕುಳಿತು ನೋವನ್ನು ಧ್ಯಾನಿಸುವುದಕ್ಕಿಂತ ಕುರ್ಚಿಯೇ ಉತ್ತಮ. ಸೀರೆಯ ನಡುಕಟ್ಟು, ಲಂಗದ ಲಾಡಿ ಬಿಗಿಯಾಗಿದ್ದರೆ ಸಡಿಲಿಸಿರಿ. ಇದು ಸಣ್ಣ ಮಾತೆಂದು ತೋರಬಹುದು. ಆದರೆ ಹೊಟ್ಟೆ ಚಲಿಸಲು ಎಡೆಯಿಲ್ಲದವರಿಗೆ ಈ ಪಾಠ ಸಾಗದು. ಒಂದು ಕೈಯನ್ನು ಎದೆಯ ಮೇಲೂ ಮತ್ತೊಂದನ್ನು ಹೊಕ್ಕುಳಿನ ಮೇಲೂ ಇಟ್ಟು, ಬಾಯಿ ಮುಚ್ಚಿ, ಮೂಗಿನಿಂದಲೇ ಉಸಿರಾಡಿರಿ. ಮೊದಲ ಮೂರು ದಿನ ಏನನ್ನೂ ಬದಲಾಯಿಸಬೇಡಿರಿ. ಯಾವ ಕೈ ಹೆಚ್ಚು ಏಳುತ್ತದೆಂಬುದನ್ನಷ್ಟೇ ನೋಡುತ್ತಿರಿ. ಮೇಲಿನ ಕೈಯೇ ಏಳುವುದು ಹಲವರ ಅನುಭವ. ಕ್ರಮೇಣ ಕೆಳಗಿನ ಕೈ ಏಳುವಂತೆ, ಬಲವಂತವಿಲ್ಲದೆ, ಉಸಿರನ್ನು ಕೆಳಕ್ಕೆ ಬಿಡಿರಿ.

ನಾಲ್ಕನೆಯ ದಿನದಿಂದ ಎಣಿಕೆ. ಮನಸ್ಸಿನಲ್ಲಿ ಮೂರು ಎಣಿಸುವವರೆಗೆ ಎಳೆದು, ನಾಲ್ಕು ಎಣಿಸುವವರೆಗೆ ಬಿಡುವುದು. ವಾರ ಕಳೆದ ಮೇಲೆ ನಾಲ್ಕು ಎಣಿಸಿ ಎಳೆದು ಆರು ಎಣಿಸಿ ಬಿಡುವುದು. ಎಣಿಕೆಗೆ ಒಂದು ಸೆಕೆಂಡಿನಂತಾದರೆ ಒಂದು ಉಸಿರಿಗೆ ಹತ್ತು ಸೆಕೆಂಡು, ನಿಮಿಷಕ್ಕೆ ಆರು ಉಸಿರು. ಮೂವತ್ತು ಉಸಿರಿಗೆ ಐದು ನಿಮಿಷ. ಹೊಸಬರಿಗೆ ಅಷ್ಟೇ ಸಾಕು. ಉಸಿರನ್ನು ಒಳಗೆ ಬಿಗಿಹಿಡಿಯತಕ್ಕ ಕುಂಭಕವನ್ನು ಪುಸ್ತಕ ನೋಡಿ ಮಾಡಬಾರದು. ರಭಸವಾಗಿ ದೀರ್ಘವಾಗಿ ಉಸಿರೆಳೆಯುವುದೂ ತಪ್ಪು. ಹಾಗೆ ಮಾಡಿದರೆ ರಕ್ತದೊಳಗಿನ ಇಂಗಾಲಾಮ್ಲವು ಮಿತಿಮೀರಿ ಹೊರಟುಹೋಗಿ ತಲೆ ತಿರುಗುವುದು, ಬೆರಳುಗಳು ಜುಮ್ಮೆನ್ನುವುವು. ಹೀಗಾದರೆ ಎಣಿಕೆಯನ್ನು ಬಿಟ್ಟು ಎಂದಿನಂತೆ ಉಸಿರಾಡಬೇಕು. ಆಸ್ತಮಾ, ಹೃದ್ರೋಗ ಉಳ್ಳವರೂ ಗರ್ಭಿಣಿಯರೂ ವೈದ್ಯರನ್ನು ಕೇಳಿಯೇ ತೊಡಗತಕ್ಕದ್ದು. ರಾಗಿ ತೂರುವ ಕಾಲದಲ್ಲಿ ಹೊಸದುರ್ಗ, ಹಿರಿಯೂರುಗಳ ಹಳ್ಳಿಗಳಲ್ಲಿ ಏಳುವ ಧೂಳನ್ನು ಬಲ್ಲವರಿಗೆ, ಕಣದ ಹತ್ತಿರ ಈ ಅಭ್ಯಾಸಕ್ಕೆ ಕುಳಿತುಕೊಳ್ಳಬಾರದೆಂದು ಹೇಳಬೇಕಾಗಿಲ್ಲ.

ಕುಳಿತರೆ ನಿದ್ರೆ, ಮಲಗಿದರೆ ಚಿಂತೆ ಎನ್ನುವವರಿಗೆ ಬೇರೊಂದು ಉಪಾಯವಿದೆ. ಎಡ್ಮಂಡ್ ಜೇಕಬ್‌ಸನ್ ಎಂಬ ಅಮೆರಿಕೆಯ ವೈದ್ಯರು 1929ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಸ್ನಾಯುಗಳನ್ನು ಒಂದೊಂದಾಗಿ ಸಡಿಲಿಸುವ ಕ್ರಮವನ್ನು ವಿವರಿಸಿದರು. ಹಾಸಿಗೆಯಲ್ಲಿ ಅಂಗಾತ ಮಲಗಿ, ಪಾದಗಳನ್ನು ಬಿಗಿಹಿಡಿದು, ಐದು ಎಣಿಸಿ, ಬಿಟ್ಟುಬಿಡಿರಿ. ಬಿಟ್ಟಾಗ ಆಗುವ ಹಗುರವನ್ನು ಗಮನಿಸಿರಿ. ಹೀಗೆಯೇ ಮೀನಖಂಡ, ತೊಡೆ, ಹೊಟ್ಟೆ, ಮುಷ್ಟಿ, ಭುಜ, ಕಡೆಗೆ ಹುಬ್ಬು ದವಡೆಗಳವರೆಗೆ ಬನ್ನಿರಿ. ದವಡೆಯನ್ನು ಮರೆಯಬೇಡಿರಿ, ದಿನವಿಡೀ ನುಂಗಿಕೊಂಡ ಮಾತುಗಳೆಲ್ಲಾ ಅಲ್ಲಿಯೇ ಸೇರಿರುತ್ತವೆ!

ಧ್ಯಾನವೆಂಬುದು ಇದರ ಮುಂದಿನ ಮೆಟ್ಟಿಲು. ಉಸಿರಿನ ಉದ್ದವನ್ನು ಅಳೆಯುವುದನ್ನು ಬಿಟ್ಟು, ಪ್ರತಿ ಸಾರಿ ಉಸಿರು ಬಿಡುವಾಗ ಒಂದು, ಎರಡು ಎಂದು ಹತ್ತರವರೆಗೆ ಎಣಿಸಿ, ಪುನಃ ಒಂದರಿಂದ ಆರಂಭಿಸುವುದು. ಮೂರು ನಾಲ್ಕು ಎನ್ನುವಷ್ಟರಲ್ಲಿ ಮನಸ್ಸು ಸಂತೆಗೆ ಹೋಗಿರುತ್ತದೆ. ಹೋಗಿದೆಯೆಂದು ತಿಳಿದ ಕೂಡಲೇ ಬೈದುಕೊಳ್ಳದೆ, ಆಡಲು ಹೋದ ಮಗುವನ್ನು ಕೈಹಿಡಿದು ಕರೆತರುವಂತೆ ಒಂದಕ್ಕೆ ಕರೆತನ್ನಿರಿ. ಐದು ನಿಮಿಷದಲ್ಲಿ ಇಪ್ಪತ್ತು ಸಾರಿ ಕರೆತಂದರೆ, ಇಪ್ಪತ್ತು ಸಾರಿ ಅಭ್ಯಾಸವಾಯಿತೆಂದು ತಿಳಿಯಿರಿ. ಯೋಚನೆಯೇ ಬಾರದಿರುವುದನ್ನು ಧ್ಯಾನವೆಂದು ಭಾವಿಸಿ, ಬಂದಾಗಲೆಲ್ಲಾ ತನಗೆ ಈ ವಿದ್ಯೆ ಒಗ್ಗದೆಂದು ಎದ್ದುಹೋಗುವವರೇ ಬಹಳ. ವಾಣೀವಿಲಾಸ ಸಾಗರದಲ್ಲಿ ಗಾಳಿಯಿದ್ದ ದಿನ ಅಲೆಗಳಿರುತ್ತವೆ. ಕೈಯಿಂದ ಒತ್ತಿ ಅವುಗಳನ್ನು ಅಡಗಿಸಲು ಹೋಗುವವರು ಯಾರೂ ಇಲ್ಲ. ಕೆಲವರಿಗೆ ಉಸಿರಿನ ಮೇಲೆ ಗಮನವಿಟ್ಟರೆ ಗಾಬರಿಯೇ ಹೆಚ್ಚುವುದುಂಟು. ಅವರು ಕಣ್ಣು ತೆರೆದುಕೊಂಡು, ದೂರದ ಗುಡ್ಡವನ್ನೋ ಹಕ್ಕಿಯ ದನಿಯನ್ನೋ ಆಶ್ರಯಿಸಬಹುದು.

ಯೋಗಿಗಳು ಹೃದಯವನ್ನೇ ನಿಲ್ಲಿಸುತ್ತಾರೆಂಬ ಸುದ್ದಿ ಹಿಂದೆ ಬಹಳವಾಗಿತ್ತು. ಫ್ರಾನ್ಸಿನ ವೈದ್ಯೆ ತೆರೆಸ್ ಬ್ರೋಸ್ ಎಂಬುವರು 1935ರಲ್ಲಿ ಯಂತ್ರಗಳೊಡನೆ ಭಾರತಕ್ಕೆ ಬಂದು ಪರೀಕ್ಷಿಸಿದರು. 1961ರಲ್ಲಿ ಪ್ರಕಟವಾದ ಮತ್ತೊಂದು ಪರೀಕ್ಷೆಯಲ್ಲಿ, ಉಸಿರು ಬಿಗಿಹಿಡಿದು ಎದೆಯ ಸ್ನಾಯುಗಳನ್ನು ಅದುಮಿದಾಗ ನಾಡಿಯು ಕೈಗೆ ಸಿಗದಂತಾಗುವುದೇ ಹೊರತು, ಹೃದಯವು ನಿಲ್ಲುವುದಿಲ್ಲವೆಂದು ಕಂಡುಬಂದಿತು. ನಮಗೆ ಈ ಅದ್ಭುತಗಳಿಂದ ಆಗಬೇಕಾದದ್ದೇನೂ ಇಲ್ಲ. ಸಂಜೆ ಆರು ಗಂಟೆಗೆ ಕೋಪವಿಲ್ಲದೆ ಮಗುವಿಗೆ ಪಾಠ ಹೇಳಿಕೊಡಲು ಸಾಧ್ಯವಾದರೆ ಅದೇ ನಮಗೆ ಸಾಕಾದ ಸಿದ್ಧಿ.

ಕ್ರೈಸ್ತ ಕುಟುಂಬಗಳ ಕೆಲವು ತಾಯಂದಿರು, ಇದು ನಮ್ಮ ನಂಬಿಕೆಗೆ ವಿರುದ್ಧವಲ್ಲವೇ ಎಂದು ಕೇಳುವುದುಂಟು. ಪ್ರಶ್ನೆಯು ನ್ಯಾಯವಾದದ್ದು, ಹಾಸ್ಯಮಾಡತಕ್ಕದ್ದಲ್ಲ. ಉಸಿರನ್ನು ನಿಧಾನಮಾಡುವುದು ಶರೀರದ ಕೆಲಸ, ಅದಕ್ಕೆ ಮತವಿಲ್ಲ. ಮೌನದಲ್ಲಿ ಯಾರ ಹೆಸರನ್ನು ನೆನೆಯುವೆವೆಂಬುದು ಅವರವರ ಭಕ್ತಿಗೆ ಸೇರಿದ್ದು. ಗ್ರೀಸಿನ ಆಥೋಸ್ ಪರ್ವತದ ಸನ್ಯಾಸಿಗಳು ಶತಮಾನಗಳಿಂದ ಯೇಸುನಾಮದ ಚಿಕ್ಕ ಪ್ರಾರ್ಥನೆಯನ್ನು ಉಸಿರಿನೊಡನೆ ಹೊಂದಿಸಿ ಜಪಿಸುತ್ತಾ ಬಂದಿದ್ದಾರೆ. ಹೋರೇಬ್ ಬೆಟ್ಟದಲ್ಲಿ ಪ್ರವಾದಿ ಎಲೀಯನು ಬಿರುಗಾಳಿ, ಭೂಕಂಪ, ಬೆಂಕಿಗಳು ಕಳೆದ ಮೇಲೆ ಮೆಲ್ಲನೆಯ ದನಿಯನ್ನು ಕೇಳಿದ ಕಥೆಯನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರು, ಯಾವ ಮತದವರೇ ಆಗಿರಲಿ, ಬೆಳಗಿನ ಪ್ರಾರ್ಥನೆಯ ತರಗತಿಯಲ್ಲಿ ಕೇಳಿಯೇ ಇರುವರು. ಹಾರ್ವರ್ಡಿನ ವೈದ್ಯರಾದ ಹರ್ಬರ್ಟ್ ಬೆನ್ಸನ್ ಅವರು 1975ರ ತಮ್ಮ ಗ್ರಂಥದಲ್ಲಿ, ಒಂದು ಪದವನ್ನು ಉಸಿರಿನೊಡನೆ ಮೆಲ್ಲಗೆ ಪುನರುಚ್ಚರಿಸುವ ಪದ್ಧತಿಯು ನಾನಾ ಮತಗಳಲ್ಲಿ ಇರುವುದನ್ನು ಎತ್ತಿ ತೋರಿಸಿದ್ದಾರೆ. ಹಿಂದೂ ಮನೆಯವರು ತಮ್ಮ ಇಷ್ಟದೈವದ ಹೆಸರನ್ನೂ ಮುಸಲ್ಮಾನ ಸೋದರಿಯರು ತಮ್ಮದನ್ನೂ ಬಳಸಬಹುದು. ಹೆಸರೇ ಬೇಡವೆನ್ನುವವರಿಗೆ ಅಂಕಿಗಳಿದ್ದೇ ಇವೆ.

ಈ ಅಭ್ಯಾಸದ ಮಿತಿಯನ್ನೂ ಹೇಳಬೇಕು. ಇದು ಔಷಧಿಗೆ ಬದಲಲ್ಲ. ರಕ್ತದ ಒತ್ತಡದ ಮಾತ್ರೆಯನ್ನು ಇದರ ಭರವಸೆಯಿಂದ ಬಿಡಬಾರದು. ಮನೆಯೊಳಗೆ ಹೊಡೆತವೋ ಹಸಿವೋ ಇದ್ದರೆ ಉಸಿರನ್ನೆಣಿಸುವುದು ಅದಕ್ಕೆ ಪರಿಹಾರವಲ್ಲ. ಅಂಥವಳಿಗೆ ಬೇಕಾದದ್ದು ಮನುಷ್ಯರ ಸಹಾಯ. ವಾರಗಟ್ಟಲೆ ನಿದ್ರೆಯಿಲ್ಲದಿರುವುದು, ಕಾರಣವಿಲ್ಲದ ಅಳು, ಬದುಕೇ ಬೇಡವೆಂಬ ಯೋಚನೆ ಇವು ಕಂಡರೆ ವೈದ್ಯರಲ್ಲಿಗೆ ಹೋಗಲು ನಾಚಿಕೆಪಡಬಾರದು. 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸೇವೆಗೆ 14416 ಎಂಬ ಸಂಖ್ಯೆಗೆ ಫೋನು ಮಾಡಿ ಮಾತನಾಡಬಹುದು.

ಬಾಲಿಕೆಯರಿಗೆ ಕಲಿಸುವ ತಂದೆತಾಯಿಗಳಿಗೆ ಒಂದೆರಡು ಮಾತು. 'ಗಾಬರಿಪಡಬೇಡ' ಎಂದು ಗಾಬರಿಯಿಂದ ಕೂಗುವವರ ಮಾತನ್ನು ಯಾವ ಮಗುವೂ ನಂಬದು. ಮೊದಲು ನೀವು ಒಂದು ವಾರ ಮಾಡಿರಿ; ಮಗಳು ತಾನಾಗಿ ಬಂದು ಪಕ್ಕದಲ್ಲಿ ಕುಳಿತುಕೊಳ್ಳುವಳು. ಹತ್ತು ವರ್ಷದವಳಿಗೆ ಎರಡು ನಿಮಿಷ, ಹದಿನೈದರವಳಿಗೆ ಐದು ನಿಮಿಷ; ಬೇಡವೆಂದರೆ ಬಿಟ್ಟುಬಿಡಿರಿ, ಶಿಕ್ಷೆಯಂತೆ ಮಾಡಿಸಬೇಡಿರಿ. ಪರೀಕ್ಷೆಯ ದಿನ ಇದನ್ನು ಹೊಸದಾಗಿ ಆರಂಭಿಸಿದರೆ ಪ್ರಯೋಜನವಿಲ್ಲ. ಮೂರು ನಾಲ್ಕು ವಾರ ಮೊದಲೇ, ದಿನವೂ ಒಂದೇ ವೇಳೆಯಲ್ಲಿ, ಓದಲು ಕುಳಿತುಕೊಳ್ಳುವುದಕ್ಕೆ ಮುಂಚೆ ಮಾಡಿಸಿರಿ. ಆಗ ಪರೀಕ್ಷಾ ಮಂದಿರದಲ್ಲಿ ಪ್ರಶ್ನಪತ್ರಿಕೆ ಕೈಗೆ ಬಂದೊಡನೆ ಅದನ್ನು ಮೇಜಿನ ಮೇಲೆ ಕವುಚಿಟ್ಟು, ಪಾದಗಳನ್ನು ನೆಲಕ್ಕೂರಿ, ನಾಲ್ಕು ಎಣಿಸಿ ಎಳೆದು ಆರು ಎಣಿಸಿ ಬಿಡುವಂತೆ ಮೂರು ಉಸಿರು. ಅದಕ್ಕೆ ಹಿಡಿಯುವುದು ಅರ್ಧ ನಿಮಿಷ. ಆಮೇಲೆ ಪತ್ರಿಕೆಯನ್ನು ತಿರುಗಿಸಿ, ಮೊದಲ ಪ್ರಶ್ನೆಯಿಂದ ಕಡೆಯ ಪ್ರಶ್ನೆಯವರೆಗೆ ಒಮ್ಮೆ ಓದಿ, ಗೊತ್ತಿರುವ ಉತ್ತರದಿಂದ ಬರೆಯತೊಡಗುವುದು.