ಅರ್ಧ ತಟ್ಟೆಗೂ ಪೂರ್ಣ ಮರ್ಯಾದೆ



ಏಷ್ಯಾ ಖಂಡದಲ್ಲಿ ಕಥೋಲಿಕರು ಅತಿ ಹೆಚ್ಚಿನ ಸಂಖ್ಯೆಯಲ್ಲಿರುವ ದೇಶ ಫಿಲಿಪೀನ್ಸ್. 1521ರ ಮಾರ್ಚ್ 31ರಂದು, ಪಾಸ್ಖ ಭಾನುವಾರ, ಮೆಗೆಲನ್ನನ ಹಡಗಿನಲ್ಲಿ ಬಂದ ಗುರುಗಳು ಲಿಮಸಾವ ದ್ವೀಪದಲ್ಲಿ ಮೊದಲ ಬಲಿಪೂಜೆಯನ್ನು ಅರ್ಪಿಸಿದರು. 2021ರಲ್ಲಿ ಆ ನಾಡಿನ ಜನರು ತಮ್ಮ ವಿಶ್ವಾಸದ 500 ವರ್ಷಗಳನ್ನು ಆಚರಿಸಿದರು. ಇಷ್ಟು ಹಳೆಯದಾದ ವಿಶ್ವಾಸವು ಜನರ ದಿನನಿತ್ಯದ ಬಾಳಿನಲ್ಲಿ ಹೇಗೆ ಬೆರೆತಿದೆ ಎಂದು ತಿಳಿಯಲು ದೊಡ್ಡ ದೇವಾಲಯಗಳನ್ನೇ ನೋಡಬೇಕೆಂದಿಲ್ಲ. ದೇವಾಲಯದ ಪಕ್ಕದ ಓಣಿಯಲ್ಲೋ, ಮಾರುಕಟ್ಟೆಯ ಮೂಲೆಯಲ್ಲೋ, ಬಂಡಿಗಳು ನಿಲ್ಲುವ ಜಾಗದ ಬಳಿಯೋ ಇರುವ ಪುಟ್ಟ ಊಟದ ಮನೆಗೆ ಹೋದರೂ ಸಾಕು. ಅದನ್ನು ಅಲ್ಲಿಯವರು ‘ಕರಿಂದೆರಿಯಾ’ ಎನ್ನುತ್ತಾರೆ.

ಈ ವಾರ ಆ ಊಟದ ಮನೆಯ ಪರಿಚಯ ಮಾಡಿಕೊಳ್ಳೋಣ. ಕೈಯಲ್ಲಿ ಕಡಿಮೆ ಹಣವಿರುವವನು ಅಲ್ಲಿ ತಲೆ ತಗ್ಗಿಸದೆ ಉಣ್ಣುವುದು ಹೇಗೆ? ನಮ್ಮ ಮನೆಯಲ್ಲಿ, ನಮ್ಮ ಧರ್ಮಕೇಂದ್ರದ ಊಟದ ಸಾಲಿನಲ್ಲಿ ಅದು ಸಾಧ್ಯವಾಗಿದೆಯೇ? ಇದೇ ಇಂದಿನ ಪಾಠ.

ಹೆಸರಿನಲ್ಲೇ ಇರುವ ನಂಟು

‘ಕರಿಂದೆರಿಯಾ’ ಎಂಬ ಪದ ‘ಕರಿ’ಯಿಂದ ಬಂದದ್ದೆಂದು ಬಲ್ಲವರು ಹೇಳುತ್ತಾರೆ. ಅನ್ನದ ಜೊತೆಗಿನ ಪದಾರ್ಥಕ್ಕೆ ತಮಿಳರು ಹೇಳುವ ಅದೇ ‘ಕರಿ’. ಅದಕ್ಕೆ ಸ್ಪೇನ್ ಭಾಷೆಯ ಬಾಲ ಸೇರಿಕೊಂಡಿದೆ. ಇದರ ಹಿಂದೆ ಒಂದು ಚರಿತ್ರೆಯೂ ಇದೆ. ಸ್ಪೇನಿನೊಡನೆ ಯುದ್ಧದಲ್ಲಿದ್ದ ಬ್ರಿಟಿಷರು 1762ರಲ್ಲಿ ಮದರಾಸಿನಿಂದ ಹಡಗುಗಳನ್ನು ಕಳುಹಿಸಿ ಮನಿಲಾ ನಗರವನ್ನು ಹಿಡಿದರು. ಆ ಪಡೆಯಲ್ಲಿ ನಮ್ಮ ದಕ್ಷಿಣ ಭಾರತದ ಸಿಪಾಯಿಗಳಿದ್ದರು. 1764ರಲ್ಲಿ ಬ್ರಿಟಿಷರು ಹಿಂದಿರುಗಿದಾಗ ಕೆಲವು ಸಿಪಾಯಿಗಳು ಹಡಗು ಹತ್ತಲಿಲ್ಲ. ಮನಿಲಾದ ಪೂರ್ವಕ್ಕಿರುವ ಕೈಂತಾ ಎಂಬ ಊರಿನ ಸುತ್ತ ನೆಲೆಸಿ, ಅಲ್ಲಿಯ ಹೆಣ್ಣುಮಕ್ಕಳನ್ನು ಮದುವೆಯಾಗಿ, ಆ ಜನರಲ್ಲಿ ಒಂದಾದರು. ಅವರ ಅಡುಗೆಯ ನೆನಪು ಊಟದ ಮನೆಯ ಹೆಸರಿನಲ್ಲಿ ಉಳಿದಿದೆ ಎಂಬ ಮಾತು ಇಂದಿಗೂ ಅಲ್ಲಿ ಪ್ರಚಲಿತವಾಗಿದೆ.

ಬೆರಳು ತೋರಿಸಿದರೆ ಸಾಕು

ಕರಿಂದೆರಿಯಾಕ್ಕೆ ಇನ್ನೊಂದು ಹೆಸರು ‘ತುರೋ ತುರೋ’. ಹಾಗೆಂದರೆ ‘ತೋರಿಸು ತೋರಿಸು’ ಎಂದು ಅರ್ಥ. ಅಲ್ಲಿ ತಿಂಡಿಗಳ ಪಟ್ಟಿ ಕೊಟ್ಟು ಕಾಯಿಸುವ ಪದ್ಧತಿಯಿಲ್ಲ. ಬೆಳಗ್ಗೆಯೇ ಬೇಯಿಸಿದ ಏಳೆಂಟು ಬಗೆಯ ಪದಾರ್ಥಗಳು ಮುಚ್ಚಳವಿರುವ ಪಾತ್ರೆಗಳಲ್ಲಿ ಅಥವಾ ಗಾಜಿನ ಕಪಾಟಿನಲ್ಲಿ ಸಾಲಾಗಿ ಇರುತ್ತವೆ. ಬಂದವರು ಮುಚ್ಚಳ ಎತ್ತಿ ನೋಡಬಹುದು. ಬೇಕಾದುದನ್ನು ಬೆರಳಿನಿಂದ ತೋರಿಸಿದರೆ ಮನೆಯಾಕೆ ಬಡಿಸುತ್ತಾಳೆ. ಓದು ಬಾರದವನಿಗೂ ಇಲ್ಲಿ ಅಂಜಿಕೆಯಿಲ್ಲ, ಹೊಸಬನಿಗೂ ಮುಜುಗರವಿಲ್ಲ. ಬಡಿಸುವವರನ್ನು ‘ಆತೆ’ (ಅಕ್ಕ) ಎಂದೋ ‘ಕುಯಾ’ (ಅಣ್ಣ) ಎಂದೋ ಕರೆಯುವುದು ರೂಢಿ.

ಅಲ್ಲಿಯ ಊಟವೂ ನಮ್ಮಂತೆ ಅನ್ನದ ಊಟವೇ. ನಾವು ಭತ್ತ, ಅಕ್ಕಿ, ಅನ್ನ ಎಂದು ಮೂರು ಹೆಸರಿಟ್ಟು ಕರೆಯುವಂತೆ ಅವರೂ ಪಾಲಾಯ್, ಬಿಗಾಸ್, ಕಾನಿನ್ ಎನ್ನುತ್ತಾರೆ. ತಂಗಳನ್ನಕ್ಕೆ ‘ಬಾಹಾವ್’ ಎಂಬ ಬೇರೆಯೇ ಹೆಸರಿದೆ. ಅನ್ನದ ಜೊತೆಗೆ ಕಲಸಿಕೊಳ್ಳುವ ಎಲ್ಲವೂ ‘ಉಲಾಮ್’. ವಿನೆಗರ್, ಸೋಯಾ ಸಾಸ್, ಬೆಳ್ಳುಳ್ಳಿ, ಕರಿಮೆಣಸು ಹಾಕಿ ಬೇಯಿಸಿದ ಮಾಂಸದ ‘ಅದೋಬೋ’ ಬಹುಮಂದಿಗೆ ಪ್ರಿಯವಾದುದು. ‘ಸಿನಿಗಾಂಗ್’ ಎಂಬುದು ಹುಳಿ ಸಾರು. ಅದಕ್ಕೆ ಹುಣಸೆಕಾಯಿಯನ್ನೋ, ನಮ್ಮ ಕರಾವಳಿಯವರು ಬಿಂಬುಳಿ ಎನ್ನುವ ಕಾಯಿಯನ್ನೋ ಹಾಕುತ್ತಾರೆ. ಕೆಸುವಿನ ಎಲೆಯನ್ನು ತೆಂಗಿನ ಹಾಲಿನಲ್ಲಿ ಬೇಯಿಸಿದ ‘ಲಾಯಿಂಗ್’ ಇದೆ. ಹಂದಿಯ ರಕ್ತ ಹಾಕಿ ಮಾಡುವ ‘ದಿನುಗುವಾನ್’ ಕೂಡ ಇದೆ. ಈ ಹೆಸರು ಕೇಳಿ ಮುಖ ಕಿವುಚುವ ಮುನ್ನ ನಮ್ಮ ಹಬ್ಬದ ಸಾರ್ಪೊಟೆಲ್‌ಗೆ ಹಿಂದಿನವರು ಏನೇನು ಹಾಕುತ್ತಿದ್ದರೆಂದು ಮನೆಯ ಹಿರಿಯರನ್ನು ಕೇಳುವುದು ಒಳ್ಳೆಯದು.

ಮೇಜಿನ ಮೇಲೆ ವಿನೆಗರ್, ಮೆಣಸಿನಕಾಯಿ, ಸಣ್ಣ ನಿಂಬೆಯಂಥ ಕಲಮನ್ಸಿ ಹಣ್ಣು ಇರುತ್ತವೆ. ಹುಳಿಯೋ ಖಾರವೋ ಉಪ್ಪೋ ತನಗೆ ಬೇಕಾದಷ್ಟು ಬೆರೆಸಿಕೊಳ್ಳುವುದು ಉಣ್ಣುವವನ ಹಕ್ಕು. ಇದರಿಂದ ಅಡುಗೆಯವಳಿಗೆ ಅವಮಾನವಾಯಿತೆಂದು ಯಾರೂ ತಿಳಿಯುವುದಿಲ್ಲ. ಅಡುಗೆಯ ಕೊನೆಯ ರುಚಿಯನ್ನು ಆಕೆ ಅತಿಥಿಯ ಕೈಗೇ ಬಿಟ್ಟಿದ್ದಾಳೆ.

ಅರ್ಧ ತಟ್ಟೆಯ ಮರ್ಯಾದೆ

ಈಗ ಮುಖ್ಯ ವಿಷಯಕ್ಕೆ ಬರೋಣ. ಕರಿಂದೆರಿಯಾದಲ್ಲಿ ಪದಾರ್ಥವನ್ನು ಅರ್ಧ ಪಾಲು ಕೇಳಬಹುದು. ಇಡೀ ಪಾಲಿಗೆ ಹಣವಿಲ್ಲದ ಚಾಲಕ, ಕಟ್ಟಡದ ಕೂಲಿ, ವಿದ್ಯಾರ್ಥಿ ಅರ್ಧ ಪಾಲು ಪದಾರ್ಥ ಮತ್ತು ಬೇಕಾದಷ್ಟು ಅನ್ನವನ್ನು ಕೊಂಡು ಹೊಟ್ಟೆ ತುಂಬಿಸಿಕೊಳ್ಳುತ್ತಾನೆ. ಅನೇಕ ಕಡೆ ಒಂದು ಬಟ್ಟಲು ಬಿಸಿ ಸಾರನ್ನು ಹಣ ಪಡೆಯದೆ ಕೊಡುತ್ತಾರೆ. ಅರ್ಧ ಪಾಲಿನವನಿಗೂ ಇಡೀ ಪಾಲಿನವನಿಗೂ ಒಂದೇ ಬೆಂಚು, ಒಂದೇ ಬಗೆಯ ತಟ್ಟೆ. ‘ಯಾಕಪ್ಪಾ ಅರ್ಧ?’ ಎಂದು ಕೇಳುವವರಿಲ್ಲ. ಕೇಳಬಾರದ ಪ್ರಶ್ನೆಯನ್ನು ಕೇಳದಿರುವುದೂ ಒಂದು ಬಗೆಯ ಪ್ರೀತಿ.

ಪದೇ ಪದೇ ಬರುವ ಗಿರಾಕಿಯನ್ನು ಅಲ್ಲಿ ‘ಸುಕಿ’ ಎನ್ನುತ್ತಾರೆ. ವಿಶೇಷವೆಂದರೆ, ಗಿರಾಕಿಯು ಮಾರುವವಳನ್ನೂ ಅದೇ ಹೆಸರಿನಿಂದ ಕರೆಯುತ್ತಾನೆ. ಕೊಡುವವರಿಗೂ ಕೊಳ್ಳುವವರಿಗೂ ಒಂದೇ ಪದ. ಸುಕಿಗೆ ಸಂಬಳದ ದಿನದವರೆಗೆ ಸಾಲ ಬರೆದಿಡುವುದೂ ಉಂಟು, ಸಾಲ ಕೇಳಬೇಡಿ ಎಂದು ಗೋಡೆಗೆ ಹಲಗೆ ತೂಗುಹಾಕುವುದೂ ಉಂಟು. ಅದೇ ಗೋಡೆಯ ಮೇಲೆ, ಹಣದ ಪೆಟ್ಟಿಗೆಯ ಹತ್ತಿರ, ಅನೇಕ ಕಡೆ ಬಾಲಯೇಸುವಿನ ಸ್ವರೂಪವನ್ನು ಇಟ್ಟಿರುತ್ತಾರೆ. ಬೆಂಗಳೂರಿನ ವಿವೇಕನಗರದಲ್ಲಿ ನಾವು ಬಾಲಯೇಸುವನ್ನು ಗೌರವಿಸುವಂತೆ ಅವರು ಸೆಬು ನಗರದ ಬಾಲಯೇಸುವನ್ನು ಗೌರವಿಸುತ್ತಾರೆ. 1521ರಲ್ಲಿ ಅಲ್ಲಿಯ ರಾಣಿಗೆ ಜ್ಞಾನಸ್ನಾನದ ಸಂದರ್ಭದಲ್ಲಿ ಕೊಟ್ಟ ಸ್ವರೂಪವದು.

ಶುಕ್ರವಾರದ ಹೆಸರುಕಾಳು

ವಿಶ್ವಾಸವು ಗೋಡೆಯ ಮೇಲೆ ಮಾತ್ರವಲ್ಲ, ಒಲೆಯ ಮೇಲೂ ಇದೆ. ಶುಕ್ರವಾರ ಮನಿಲಾದ ಕರಿಂದೆರಿಯಾಗಳಲ್ಲಿ ಮುಚ್ಚಳ ಎತ್ತಿ ನೋಡಿದರೆ ಒಂದು ಪಾತ್ರೆಯಲ್ಲಿ ‘ಮುಂಗ್ಗೊ’ ಇರುವುದು ಬಹುಮಟ್ಟಿಗೆ ಖಂಡಿತ. ಹೆಸರುಕಾಳನ್ನು ಬೇಯಿಸಿ, ಬೆಳ್ಳುಳ್ಳಿ, ಈರುಳ್ಳಿ, ಟೊಮೆಟೊ ಒಗ್ಗರಣೆ ಕೊಟ್ಟು, ನುಗ್ಗೆಸೊಪ್ಪನ್ನೋ ಹಾಗಲದ ಎಳೆಯ ಎಲೆಯನ್ನೋ ಹಾಕಿ ಮಾಡಿದ ಗಟ್ಟಿ ಸಾರು ಅದು. ಬೇರೆ ದಿನ ಹಂದಿಮಾಂಸದ ಚೂರು ಬಿದ್ದರೂ ತಪಸ್ಸುಕಾಲದ ಶುಕ್ರವಾರಗಳಲ್ಲಿ ಅದರ ಬದಲು ಒಣಮೀನು ಅಥವಾ ಸಿಗಡಿ. ಪ್ರಭುಯೇಸು ಪ್ರಾಣಕೊಟ್ಟ ದಿನ ಮಾಂಸ ವರ್ಜಿಸಬೇಕೆಂಬ ಧರ್ಮಸಭೆಯ ನಿಯಮ ಹೀಗೆ ಜನರ ಅಡುಗೆಯ ವಾರಪದ್ಧತಿಯಾಗಿ ಬೆಳೆದಿದೆ. ಉಪದೇಶ ಕೇಳದವನೂ ಶುಕ್ರವಾರ ಬಂತೆಂದು ತಟ್ಟೆ ನೋಡಿ ತಿಳಿಯುತ್ತಾನೆ.

ಇಲ್ಲೊಂದು ಸೂಕ್ಷ್ಮವನ್ನು ಗಮನಿಸಬೇಕು. ವಾರವಿಡೀ ಮಾಂಸಕ್ಕೆ ಹಣವಿಲ್ಲದವನಿಗೆ ಹೆಸರುಕಾಳು ತ್ಯಾಗವಲ್ಲ, ಅದೇ ಅವನ ಊಟ. ಶುಕ್ರವಾರ ಮಾತ್ರ ಉಳ್ಳವನೂ ಅದೇ ಪಾತ್ರೆಯತ್ತ ಬೆರಳು ತೋರಿಸುತ್ತಾನೆ. ಒಂದು ದಿನದ ಮಟ್ಟಿಗಾದರೂ ಇಬ್ಬರ ತಟ್ಟೆಯೂ ಒಂದೇ ಆಗುತ್ತದೆ. ಉಪವಾಸ, ವರ್ಜನೆಗಳ ಒಂದು ಉದ್ದೇಶ ಇದೇ ಅಲ್ಲವೇ?

ಕ್ರಿಸ್ಮಸ್‌ಗೆ ಮುಂಚಿನ ಒಂಬತ್ತು ದಿನ, ಡಿಸೆಂಬರ್ 16ರಿಂದ 24ರವರೆಗೆ, ಅಲ್ಲಿ ಬೆಳಗಿನ ಜಾವ ‘ಸಿಂಬಾಂಗ್ ಗಾಬಿ’ ಪೂಜೆಗಳು ನಡೆಯುತ್ತವೆ. ಪೂಜೆ ಮುಗಿಸಿ ಹೊರಬಂದವರಿಗೆ ದೇವಾಲಯದ ಅಂಗಳದಲ್ಲೇ ಬಾಳೆಎಲೆಯ ಮೇಲೆ ಬೇಯಿಸಿದ ಅಕ್ಕಿಯ ‘ಬಿಬಿಂಗ್ಕಾ’ ಸಿಗುತ್ತದೆ. ಬಿದಿರಿನ ಕೊಳವೆಯಲ್ಲಿ ಹಬೆಗಿಟ್ಟ ನೇರಳೆ ಬಣ್ಣದ ‘ಪುತೋ ಬುಂಬೊಂಗ್’ ಕೂಡ ಸಿಗುತ್ತದೆ. ನಮ್ಮಲ್ಲಿ ಪುಟ್ಟು ತಿಂದವರಿಗೆ ಅದು ಅಪರಿಚಿತವೆನಿಸದು.

ಮುಚ್ಚಳದ ಹಿಂದಿನ ಕಷ್ಟ

ಇಂಥ ಊಟದ ಮನೆಯನ್ನು ನಡೆಸುವವರು ಶ್ರೀಮಂತರಲ್ಲ. ಹೆಚ್ಚಿನ ಕಡೆ ಒಬ್ಬ ಹೆಂಗಸು, ಅವಳ ಮನೆಯವರು, ಅಷ್ಟೇ. ಬೆಳಕು ಹರಿಯುವ ಮೊದಲೇ ಮಾರುಕಟ್ಟೆಗೆ ಹೋಗಬೇಕು, ಬೆಳಗಿನ ಗಿರಾಕಿ ಬರುವಷ್ಟರಲ್ಲಿ ಬೇಯಿಸಬೇಕು. ಕೋಳಿ ಒಮ್ಮೆ ಕೆದಕಿ ಒಮ್ಮೆ ಕುಕ್ಕಿದಂತೆ ಬದುಕು ಎಂಬ ಗಾದೆ ಅವರ ಭಾಷೆಯಲ್ಲಿದೆ. ಅಂದಂದಿನ ದುಡಿಮೆ ಅಂದಂದಿನ ಊಟಕ್ಕೆ ಎಂದು ಅದರರ್ಥ. 2020ರ ಮಾರ್ಚ್‌ನಲ್ಲಿ ಕೊರೊನಾ ಕಾರಣ ಮನಿಲಾ ಸೇರಿದಂತೆ ಇಡೀ ಲುಸೋನ್ ದ್ವೀಪವನ್ನು ಬಂದ್ ಮಾಡಿದಾಗ ಈ ಬೆಂಚುಗಳು ಖಾಲಿಯಾದವು. 2023ರ ಜನವರಿಯ ಹೊತ್ತಿಗೆ ಅಲ್ಲಿ ಒಂದು ಕಿಲೋ ಈರುಳ್ಳಿಯ ಬೆಲೆ 600 ಪೆಸೊ ದಾಟಿತು. ಬೆಲೆ ಏರಿಸಿದರೆ ಕೂಲಿಯವನು ಬರುವುದಿಲ್ಲ, ಏರಿಸದಿದ್ದರೆ ಮನೆ ನಡೆಯುವುದಿಲ್ಲ. ಅರ್ಧ ತಟ್ಟೆಯ ಮರ್ಯಾದೆಯನ್ನು ಉಳಿಸುವ ಭಾರ ಹೀಗೆ ಬಡವಳ ಹೆಗಲ ಮೇಲೆಯೇ ಇದೆ. ಅದಕ್ಕೂ ಕೆಳಗೆ, ಹೋಟೆಲುಗಳು ಎಸೆದ ಮಾಂಸದ ತುಂಡುಗಳನ್ನು ತೊಳೆದು ಮತ್ತೆ ಬೇಯಿಸಿ ತಿನ್ನುವವರೂ ಮನಿಲಾದ ಕೊಳೆಗೇರಿಗಳಲ್ಲಿ ಇದ್ದಾರೆ. ಕರಿಂದೆರಿಯಾವನ್ನು ಹೊಗಳುವಾಗ ಅವರನ್ನು ಮರೆಯಬಾರದು.

ಮಗಿನ್ಹಾವಾ ಬೀದಿಯ ಗಾಡಿ

ಆ ಕೊರೊನಾ ಸಂಕಟದ ನಡುವೆಯೇ ನಡೆದ ಒಂದು ಸಂಗತಿ ನಮ್ಮ ಪಾಠಕ್ಕೆ ಬೆಳಕು ಚೆಲ್ಲುತ್ತದೆ. ಕೆಸೋನ್ ಸಿಟಿಯ ಮಗಿನ್ಹಾವಾ ಬೀದಿ ಊಟದ ಮನೆಗಳಿಗೆ ಹೆಸರಾದುದು. 2021ರ ಏಪ್ರಿಲ್ 14ರಂದು ಅನಾ ಪಟ್ರೀಸಿಯಾ ನೊನ್ ಎಂಬ ಯುವತಿ ಆ ಬೀದಿಯಲ್ಲಿ ಒಂದು ಬಿದಿರಿನ ಗಾಡಿ ನಿಲ್ಲಿಸಿ, ಅಕ್ಕಿ, ತರಕಾರಿ, ಡಬ್ಬಿಯ ಆಹಾರ ಇಟ್ಟಳು. ಆದಷ್ಟು ಕೊಡಿ, ಬೇಕಾದಷ್ಟೇ ಒಯ್ಯಿರಿ ಎಂಬ ಅರ್ಥದ ಒಂದು ರಟ್ಟಿನ ಹಲಗೆಯನ್ನೂ ತೂಗುಹಾಕಿದಳು. ಹೆಸರು ಬರೆಸಬೇಕಿರಲಿಲ್ಲ, ಬಡತನಕ್ಕೆ ಸಾಕ್ಷಿಪತ್ರ ತೋರಿಸಬೇಕಿರಲಿಲ್ಲ. ತಾರ್ಲಾಕ್ ಪ್ರಾಂತ್ಯದ ರೈತರು ಗೆಣಸಿನ ಮೂಟೆಗಳನ್ನು ತಂದು ಸುರಿದರು. ಕೆಲವೇ ದಿನಗಳಲ್ಲಿ ದೇಶದ ಉದ್ದಗಲಕ್ಕೆ ಇಂಥ ನೂರಾರು ಗಾಡಿಗಳು ತಲೆಯೆತ್ತಿದವು. ಅನೇಕ ಧರ್ಮಕೇಂದ್ರಗಳೂ ಕೈಜೋಡಿಸಿದವು. ಪ್ರೇಷಿತರ ಕಾರ್ಯಕಲಾಪಗಳು ಗ್ರಂಥದ 4ನೇ ಅಧ್ಯಾಯದಲ್ಲಿ ಆದಿ ಕ್ರೈಸ್ತರು ತಮ್ಮದನ್ನು ಹಂಚಿಕೊಂಡ ಬಗೆಯನ್ನು ಓದಿದವರಿಗೆ ಈ ಗಾಡಿಯ ಅರ್ಥವನ್ನು ಬೇರೆ ವಿವರಿಸಬೇಕಾಗಿಲ್ಲ.

ನಮ್ಮ ಪಂಕ್ತಿಯ ಕಡೆಗೆ

ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 11ನೇ ಅಧ್ಯಾಯದಲ್ಲಿ ಕಟುವಾಗಿ ಗದರಿಸುತ್ತಾರೆ. ಪ್ರಭುವಿನ ಭೋಜನಕ್ಕೆಂದು ಕೂಡಿದಾಗ ಉಳ್ಳವರು ಮೊದಲೇ ತಿಂದು ಕುಡಿದು ತೃಪ್ತರಾಗುತ್ತಿದ್ದರು, ಇಲ್ಲದವರು ಹಸಿದು ನಾಚಿ ನಿಲ್ಲುತ್ತಿದ್ದರು. ಹಸಿವಿಗಿಂತ ಹೆಚ್ಚಾಗಿ ಪೌಲರನ್ನು ನೋಯಿಸಿದ್ದು ಬಡವರಿಗಾದ ಆ ನಾಚಿಕೆ. ನಮ್ಮ ನಾಡಿಗೆ ಈ ರೋಗ ಹೊಸದಲ್ಲ. ಪಂಕ್ತಿಭೇದ ಎಂಬ ಪದವೇ ನಮ್ಮ ಭಾಷೆಯಲ್ಲಿದೆ. ಹೋಟೆಲುಗಳಲ್ಲಿ ದಲಿತರಿಗೆ ಬೇರೆ ಲೋಟ ಇಟ್ಟಿದ್ದ ಕಥೆ ಹಿರಿಯರಿಗೆ ಗೊತ್ತು. ನಾವು ಕ್ರೈಸ್ತರು ಇದರಿಂದ ಪೂರ್ತಿ ಪಾರಾಗಿದ್ದೇವೆಯೇ? ಹಬ್ಬದ ಊಟದಲ್ಲಿ ಗಣ್ಯರಿಗೆ ಬಟ್ಟೆ ಹಾಸಿದ ಮೇಜು, ಉಳಿದವರಿಗೆ ಬಿಸಿಲಿನ ಸಾಲು. ಮನೆಗೆಲಸದವರಿಗೆ ಬೇರೆ ತಟ್ಟೆ, ನಿನ್ನೆಯ ಅನ್ನ. ಬಡವರಿಗೆ ಅಕ್ಕಿ ಚೀಲ ಕೊಡುವಾಗ ಪಡೆಯುವವರ ಮುಖವನ್ನು ಕ್ಯಾಮೆರಾದ ಕಡೆಗೆ ತಿರುಗಿಸುವ ಅಭ್ಯಾಸ. ಹೊಟ್ಟೆ ತುಂಬಿತು, ತಲೆ ತಗ್ಗಿತು.

ಕೊಲ್ಲಿ ದೇಶಗಳಲ್ಲಿ ದುಡಿಯುವ ನಮ್ಮ ಅಣ್ಣತಮ್ಮಂದಿರು, ಅಕ್ಕತಂಗಿಯರು ಭಾನುವಾರ, ಶುಕ್ರವಾರ ಫಿಲಿಪೀನ್ಸಿನವರ ಪಕ್ಕದಲ್ಲೇ ಪೂಜೆಯಲ್ಲಿ ಪಾಲ್ಗೊಳ್ಳುತ್ತಾರೆ. ದುಬೈನ ಕರಾಮ, ಸತ್ವ ಭಾಗಗಳಲ್ಲಿ ಅವರ ಪುಟ್ಟ ಊಟದ ಮನೆಗಳಿವೆ. ಒಂದೇ ಪರಮಪ್ರಸಾದ ಸ್ವೀಕರಿಸಿದವರು ಒಮ್ಮೆ ಅಲ್ಲಿಗೂ ಹೋಗಿ ಒಂದು ಬಟ್ಟಲು ಸಿನಿಗಾಂಗ್ ಹಂಚಿಕೊಂಡರೆ ಒಳ್ಳೆಯದು. ಅವರು ನಿಮ್ಮನ್ನು ಕಂಡಾಗ ಕೇಳುವ ಮಾತು ನಮ್ಮದೇ: ಊಟ ಆಯ್ತಾ?

ಕುಟುಂಬದಲ್ಲಿ ಚರ್ಚಿಸಿರಿ

1. ನಮ್ಮ ಮನೆಯಲ್ಲಿ ಕೆಲಸ ಮಾಡುವವರಿಗೆ ಬಡಿಸುವ ತಟ್ಟೆ, ಜಾಗ, ಪದಾರ್ಥ ನಮ್ಮದರಂತೆಯೇ ಇದೆಯೇ?

2. ಬೇರೆ ಜನರ ಆಹಾರವನ್ನು ಕುರಿತು ಮಕ್ಕಳ ಮುಂದೆ ನಾವು ಹೇಗೆ ಮಾತನಾಡುತ್ತೇವೆ?

3. ಶುಕ್ರವಾರದ ನಮ್ಮ ಊಟ ಬೇರೆ ದಿನಗಳಿಗಿಂತ ಸರಳವಾಗಿರುತ್ತದೆಯೇ? ಉಳಿತಾಯವಾದ ಹಣ ಯಾರಿಗೆ ತಲುಪುತ್ತದೆ?

4. ಧರ್ಮಕೇಂದ್ರದ ಹಬ್ಬದ ಊಟದಲ್ಲಿ ಕೊನೆಗೆ ಉಣ್ಣುವವರು ಯಾರು? ಅವರ ಸರದಿ ಬರುವಾಗ ಏನು ಉಳಿದಿರುತ್ತದೆ?

ಈ ವಾರದ ಸಂಕಲ್ಪ

ಬರುವ ಶುಕ್ರವಾರ ಮನೆಯಲ್ಲಿ ಹೆಸರುಕಾಳು, ನುಗ್ಗೆಸೊಪ್ಪಿನ ಸಾರು ಮಾಡಿರಿ. ಒಬ್ಬರನ್ನು ಊಟಕ್ಕೆ ಕರೆಯಿರಿ. ಏಕೆ ಕರೆದಿರೆಂದು ವಿವರಿಸಬೇಡಿ. ಅವರ ಕಷ್ಟವನ್ನು ಕೆದಕಬೇಡಿ. ಮುಚ್ಚಳ ತೆಗೆದಿಟ್ಟು, ಬೇಕಾದುದನ್ನು ಬೇಕಾದಷ್ಟು ಬಡಿಸಿಕೊಳ್ಳಲು ಹೇಳಿ, ನೀವೂ ಅದೇ ಪಾತ್ರೆಯಿಂದ ಉಣ್ಣಿರಿ.