ಚೆಂಡು ಹೋದ ಮೇಲೆ ಕ್ಲಿಕ್

ಆಗಸ್ಟಾದಲ್ಲಿ ಮಾಸ್ಟರ್ಸ್ ಗಾಲ್ಫ್ ಟೂರ್ನಿ ಶುರುವಾಗುವುದು ಗುರುವಾರ. ನನ್ನಂಥವರಿಗೆ ಅದು ಬುಧವಾರಕ್ಕೇ ಮುಗಿದುಹೋಗುತ್ತದೆ. ಪ್ರೇಕ್ಷಕರು ಕ್ಯಾಮೆರಾ ಒಯ್ಯಬಹುದಾದದ್ದು ಸೋಮವಾರದಿಂದ ಬುಧವಾರದವರೆಗಿನ ಅಭ್ಯಾಸದ ದಿನಗಳಲ್ಲಿ ಮಾತ್ರ. ಮೊಬೈಲಿಗಂತೂ ಇಡೀ ವಾರ ಪ್ರವೇಶವಿಲ್ಲ. ಲಾಟರಿಯಲ್ಲಿ ನನಗೆ ಅಭ್ಯಾಸದ ದಿನದ ಟಿಕೆಟ್ ಬಂದಾಗ, ಅಟ್ಲಾಂಟಾದ ಕನ್ನಡದ ಗೆಳೆಯನೊಬ್ಬ ‘ನಿಜವಾದ ಆಟ ಬಿಟ್ಟು ರಿಹರ್ಸಲ್ ನೋಡೋಕೆ ಹೋಗ್ತೀಯೇನೋ’ ಎಂದು ನಕ್ಕ. ಪಂದ್ಯದ ದಿನ ಬಿಗಿದುಕೊಂಡಿರುವ ಮುಖಗಳು ರಿಹರ್ಸಲ್‌ನಲ್ಲೇ ಸಡಿಲವಾಗಿರುವುದು ಎಂದು ಅವನಿಗೆ ಹೇಳುತ್ತಾ ಕೂರಲಿಲ್ಲ.

ಕೈಯಲ್ಲಿ ಕ್ಯಾಮೆರಾ ಇದ್ದರೆ, ಕ್ಲಬ್ಬು ಚೆಂಡಿಗೆ ತಾಕುವ ಗಳಿಗೆಯನ್ನೇ ಹಿಡಿಯಬೇಕು ಅನ್ನಿಸುತ್ತದೆ. ವೃತ್ತಿಪರರು ಡ್ರೈವರ್ ಬೀಸಿದರೆ ಅದರ ತಲೆ ಗಂಟೆಗೆ 180 ಕಿ.ಮೀ. ಆಸುಪಾಸಿನ ವೇಗದಲ್ಲಿ ಬರುತ್ತದೆ. ಅದಕ್ಕೆ ಸೆಕೆಂಡಿನ 1/2000 ಭಾಗದ ಶಟರ್ ವೇಗವಾದರೂ ಬೇಕು. ಆದರೆ ಶಟರಿನ ಸದ್ದು ಆಟಗಾರನ ಕಿವಿಗೆ ಬೀಳಬಾರದು. 2002ರಲ್ಲಿ ಕ್ಯಾಲಿಫೋರ್ನಿಯಾದ ಸ್ಕಿನ್ಸ್ ಗೇಮ್‌ನಲ್ಲಿ ಟೈಗರ್ ವುಡ್ಸ್ ಹೊಡೆಯುತ್ತಿದ್ದಾಗ ಯಾರೋ ಕ್ಲಿಕ್ಕಿಸಿದರೆಂದು, ಅವರ ಕ್ಯಾಡಿ ಸ್ಟೀವ್ ವಿಲಿಯಮ್ಸ್ ಆ ಕ್ಯಾಮೆರಾವನ್ನೇ ಕಿತ್ತು ಕೊಳಕ್ಕೆ ಎಸೆದಿದ್ದರು! ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಈಗ ಇದೆಯಲ್ಲ ಎನ್ನಬಹುದು. ಇದೆ. ಆದರೆ ಸಾಮಾನ್ಯ ಕ್ಯಾಮೆರಾಗಳಲ್ಲಿ ಸೆನ್ಸರ್ ಚಿತ್ರವನ್ನು ಸಾಲುಸಾಲಾಗಿ ಓದುವುದರಿಂದ, ನೆಟ್ಟಗಿನ ಶಾಫ್ಟ್ ಕುಡುಗೋಲಿನ ಹಾಗೆ ಬಾಗಿ ಮೂಡುತ್ತದೆ.

ಅಷ್ಟಕ್ಕೂ ಆ ಗಳಿಗೆಯಲ್ಲಿ ನೋಡಲಿಕ್ಕೆ ಏನಿದೆ? ಆಟಗಾರನ ತಲೆ ಬಗ್ಗಿರುತ್ತದೆ, ಟೋಪಿಯ ನೆರಳಲ್ಲಿ ಕಣ್ಣು ಕಾಣುವುದಿಲ್ಲ. ಚೆಂಡು ಹೋದ ಮರುಗಳಿಗೆ ನೋಡಿ: ಕ್ಲಬ್ಬು ಹೆಗಲ ಮೇಲಿರುತ್ತದೆ, ಗಲ್ಲ ಮೇಲೇಳುತ್ತದೆ, ಅಂಚಿನ ಕೆಳಗೆ ಬೆಳಕು ನುಗ್ಗುತ್ತದೆ. ಹೊಡೆತ ಕೆಟ್ಟಿತೋ ಕೂಡಿಬಂತೋ ಆ ಮುಖ ನೋಡಿದರೆ ಸಾಕು. ಆಗ ಕ್ಲಿಕ್ಕಿಸಿದರೆ ಯಾರ ತಕರಾರೂ ಇಲ್ಲ. ನಾನು ಟೀಯ ಹಿಂದೆ ನಿಲ್ಲುವುದಿಲ್ಲ. ಅಲ್ಲಿ ಸಿಗುವುದು ಬೆನ್ನು. ಸ್ವಲ್ಪ ಮುಂದೆ ಹಗ್ಗದ ಪಕ್ಕದಲ್ಲಿ, ಮುಖ ಓರೆಯಾಗಿ ಕಾಣುವ ಕಡೆ ನಿಲ್ಲುತ್ತೇನೆ. ಅದೂ ಬೆಳಿಗ್ಗೆಯೇ. ನಡುಹಗಲ ಬಿಸಿಲು ಏನಿದ್ದರೂ ಸ್ಯಾಂಡ್‌ವಿಚ್‌ ತಿನ್ನಲಿಕ್ಕೆ.

ಹೆಸರಾಂತ 12ನೇ ಹೋಲ್ ನಮಗೆ ದಕ್ಕುವಂಥದ್ದಲ್ಲ. ಪ್ರೇಕ್ಷಕರು ಟೀಯಿಂದ ಆಚೆ ಹೋಗುವಂತಿಲ್ಲ. ಗ್ರೀನು, ಹೋಗನ್ ಸೇತುವೆ ಎರಡೂ ದೂರದಲ್ಲಿ. ಉದ್ದನೆಯ ಲೆನ್ಸ್ ಚೀಲಕ್ಕೆ ಹಾಕಿ ಅಗಲದ್ದನ್ನು ತೆಗೆದರೆ ತೊರೆ, ಪೈನ್ ಮರ, ಅಜೇಲಿಯಾ ಪೊದೆಗಳ ನಡುವೆ ಆ ಪುಟ್ಟ ಆಕೃತಿಗಳು ಚೆನ್ನಾಗಿ ಕೂರುತ್ತವೆ.

16ರಲ್ಲಿ ಬೇರೆಯೇ ಲೋಕ. ಜನ ‘ಸ್ಕಿಪ್! ಸ್ಕಿಪ್!’ ಎಂದು ಕೂಗುತ್ತಾರೆ, ಆಟಗಾರರು ಕೊಳದ ಮೇಲೆ ಚೆಂಡನ್ನು ಕುಪ್ಪಳಿಸುತ್ತಾ ಗ್ರೀನಿಗೆ ಕಳಿಸಲು ನೋಡುತ್ತಾರೆ. ಇಲ್ಲಿ ಚೆಂಡಿನ ಹಿಂದೆ ಲೆನ್ಸ್ ಓಡಿಸಿದರೆ ಸೋಲು ಖಚಿತ. ಮೊದಲೇ ನೀರಿನ ಮೇಲೆ ಫೋಕಸ್ ಕಟ್ಟಿಟ್ಟು, ಒಂದೇ ಸಮನೆ ಚಿತ್ರ ತೆಗೆಯುತ್ತಾ ಹೋಗಬೇಕು. ಅಷ್ಟಾದರೂ ನನಗೆ ಹೆಚ್ಚು ಇಷ್ಟವಾಗುವುದು ಎದುರು ದಡದ ಜನ, ಒಟ್ಟಿಗೇ ಬಾಯಿ ತೆರೆದವರು.

ಬುಧವಾರ ಸಿಕ್ಕರೆ ಪಾರ್-3 ಸ್ಪರ್ಧೆ ಬಿಡಬೇಡಿ. 1960ರಿಂದ ನಡೆಯುತ್ತಿದೆ. ಅದನ್ನು ಗೆದ್ದವರಾರೂ ಅದೇ ವರ್ಷ ಮಾಸ್ಟರ್ಸ್ ಗೆದ್ದಿಲ್ಲವಾದ್ದರಿಂದ ಗೆಲ್ಲುವ ಆತುರವೂ ಅಷ್ಟಾಗಿ ಕಾಣುವುದಿಲ್ಲ. ಆಟಗಾರರ ಮಕ್ಕಳು ಕ್ಯಾಡಿಗಳ ಬಿಳಿ ಉಡುಪು ತೊಟ್ಟು ಓಡಾಡುತ್ತಿರುತ್ತಾರೆ. ಬಿಳಿ ಬಟ್ಟೆ ಬಿಸಿಲಿಗೆ ಸುಟ್ಟುಹೋಗದಂತೆ ಎಕ್ಸ್‌ಪೋಷರ್ ಸ್ವಲ್ಪ ತಗ್ಗಿಸಿ, ಹಗ್ಗದ ಬುಡದಲ್ಲೇ ಕೂತು ತೆಗೆಯಿರಿ. ನಿಂತು ತೆಗೆದರೆ ಬರುವುದು ಬರೀ ಟೋಪಿ.