ಇಂದಿನ ಧಮ್ಮ ಚಿಂತನೆ: ಪೂಜೆ ಬೇರೆ, ಮೆಚ್ಚುಗೆ ಬೇರೆ



ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಕಡೆಯಿಂದ ಗೋವಾಕ್ಕೆ ದುಡಿಯಲು ಹೋಗಿಬರುವ ಹುಡುಗರು ನನ್ನನ್ನು ಕೇಳುವುದುಂಟು: "ಕಾಕಾ, 22 ಪ್ರತಿಜ್ಞಾ ತಗೊಂಡಾವ್ರು ನಾವು. ಅಲ್ಲಿ ಚರ್ಚಿನ್ಯಾಗಿನ ಸಂತರನ್ನ ಮೆಚ್ಚಬಹುದೇನ್ರಿ?"

ಪೂಜೆ ಬೇಡ, ಆದರೆ ಒಳ್ಳೆಯ ನಡತೆ ಎಲ್ಲಿ ಕಂಡರೂ ಮೆಚ್ಚಬಹುದು ಎಂದು ನಾನು ಹೇಳುತ್ತೇನೆ. ಒಂದು ಉದಾಹರಣೆ ನೋಡೋಣ.

ಸಂತ ಜೋಸೆಫ್ ವಾಜ್ 1651ರಲ್ಲಿ ಗೋವಾದಲ್ಲಿ ಹುಟ್ಟಿದರು. 1681ರಿಂದ ಮೂರು ವರ್ಷ ನಮ್ಮ ಕರಾವಳಿಯಲ್ಲಿ ದುಡಿದರು. ಮಂಗಳೂರು ಹತ್ತಿರದ ಮುಡಿಪಿನಲ್ಲಿ ಇಂದಿಗೂ ಅವರ ಹೆಸರಿನ ಕ್ಷೇತ್ರವಿದೆ. 1687ರಲ್ಲಿ ಶ್ರೀಲಂಕಾಕ್ಕೆ ಹೋದರು. ಅಲ್ಲಿ ಡಚ್ಚರು ಕ್ಯಾಥೊಲಿಕ್ ಪಾದ್ರಿಗಳಿಗೆ ನಿಷೇಧ ಹಾಕಿದ್ದರಿಂದ ಬಡಕೂಲಿಯ ವೇಷ ಹಾಕಿದ್ದರು. ಮುಂದೆ ಕ್ಯಾಂಡಿಯ ಬೌದ್ಧ ರಾಜ ಎರಡನೆಯ ವಿಮಲಧರ್ಮಸೂರ್ಯ ಅವರನ್ನು ಗೂಢಚಾರನೆಂದು ತಿಳಿದು ಸೆರೆಯಲ್ಲಿಟ್ಟ.

1697ರಲ್ಲಿ ಕ್ಯಾಂಡಿಗೆ ಸಿಡುಬು ಬಂತು. ರಾಜನೂ ಗಟ್ಟಿಮುಟ್ಟಾದವರೂ ಊರು ಬಿಟ್ಟರು. ರೋಗಿಗಳು ಹಿಂದೆ ಉಳಿದರು. ವಾಜ್ ತಮ್ಮ ಸಂಬಂಧಿಯಾದ ಇನ್ನೊಬ್ಬ ಪಾದ್ರಿಯೊಡನೆ ಅಲ್ಲೇ ನಿಂತು ಉಣಿಸಿದರು, ಹುಣ್ಣು ತೊಳೆದರು, ಸತ್ತವರನ್ನು ಮಣ್ಣು ಮಾಡಿದರು. ಧರ್ಮ ಕೇಳಲಿಲ್ಲ. ಇದನ್ನು ಕಂಡ ಮೇಲೆ ರಾಜ ಅವರಿಗೆ ತಿರುಗಾಡುವ ಸ್ವಾತಂತ್ರ್ಯ ಕೊಟ್ಟ. 2015ರಲ್ಲಿ ಕೊಲಂಬೊದಲ್ಲಿ ಅವರನ್ನು ಸಂತರೆಂದು ಘೋಷಿಸಲಾಯಿತು.

ಅವರು ಮಳೆ ತರಿಸಿದರೆಂದು ಭಕ್ತರು ಹೇಳುತ್ತಾರೆ. ಆ ಪವಾಡವನ್ನು ನಾವು ಒಪ್ಪಬೇಕಿಲ್ಲ. ಪ್ರಶ್ನೆಯನ್ನೂ ಕೇಳಬೇಕು. ಗೋವಾದಲ್ಲಿ ಅವರು ಕಟ್ಟಿ ಬೆಳೆಸಿದ ಪಾದ್ರಿಗಳ ಸಂಘದಲ್ಲಿ ಬ್ರಾಹ್ಮಣ ಮೂಲದವರೇ ಇದ್ದರು. ಲಂಕೆಗೆ ಜೊತೆಗೆ ಹೋಗಿ, ಸೆರೆಮನೆಯನ್ನೂ ಕಂಡ ಸೇವಕ ಜಾನ್‌ನನ್ನು ನೆನೆಯುವವರು ಕಡಿಮೆ. ಧರ್ಮ ಬದಲಾದರೂ ಜಾತಿ ಬೆನ್ನು ಬಿಡುವುದಿಲ್ಲ ಎಂಬುದಕ್ಕೆ ಇದು ಸಾಕ್ಷಿ. ನಮ್ಮ ಒಂಬತ್ತನೇ ಪ್ರತಿಜ್ಞೆ, ಮನುಷ್ಯರೆಲ್ಲ ಸಮಾನರೆಂಬುದು, ಇಲ್ಲಿ ಕೈಯಲ್ಲಿರಲಿ.

ಆದರೆ ಆ ಆರೈಕೆ ನಮ್ಮದೇ ಪಾಠ. ವಿನಯ ಪಿಟಕದ ಮಹಾವಗ್ಗದಲ್ಲಿ ಭೇದಿಯಿಂದ ನರಳಿ ಮಲದಲ್ಲೇ ಬಿದ್ದಿದ್ದ ಭಿಕ್ಖುವಿನ ಕಥೆ ಬರುತ್ತದೆ. ಭಗವಾನರು ನೀರು ಹೊಯ್ದರು, ಆನಂದ ಮೈ ತೊಳೆದ. ನನ್ನ ಸೇವೆ ಮಾಡಬೇಕೆನ್ನುವವರು ರೋಗಿಯ ಸೇವೆ ಮಾಡಲಿ ಎಂದು ಭಗವಾನರು ಆಗ ತಿಳಿಹೇಳಿದರು. ಸಾವಿತ್ರಿಬಾಯಿ ಫುಲೆಯವರು 1897ರಲ್ಲಿ ಪುಣೆಯಲ್ಲಿ ಪ್ಲೇಗ್ ರೋಗಿಗಳ ಆರೈಕೆ ಮಾಡುತ್ತಲೇ ಅದೇ ರೋಗಕ್ಕೆ ಬಲಿಯಾದರು.

ಕ್ಯಾಂಡಿಯಲ್ಲಿ ಬೌದ್ಧ ರಾಜ ಹೊರಟುಹೋದ, ಪರಧರ್ಮದವರು ಉಳಿದರು. ಇದು ನಮಗೆ ಚುಚ್ಚಬೇಕು. ದಾಖಲೆಯಲ್ಲಿ ಬೌದ್ಧ ಎಂದು ಬರೆಸಿದರೆ ಸಾಲದು. ಕರುಣೆಯ ಹದಿಮೂರನೇ ಪ್ರತಿಜ್ಞೆ ರೋಗಿಯ ಹಾಸಿಗೆಯ ಬಳಿ ಕಾಣಬೇಕು.

ಇಂದಿನ ಅಭ್ಯಾಸ: ನಿಮ್ಮ ಓಣಿಯಲ್ಲಿ ಹಾಸಿಗೆ ಹಿಡಿದವರು ಯಾರಿದ್ದಾರೆ? ಅವರು ಯಾವ ಜಾತಿ, ಯಾವ ಧರ್ಮದವರಾದರೂ ಸಂಜೆಯೊಳಗೆ ಒಮ್ಮೆ ಹೋಗಿ ಬನ್ನಿ. ಗುಳಿಗೆ, ಊಟ, ನೀರು ಸರಿಯಾಗಿ ಸಿಗುತ್ತಿದೆಯೇ ವಿಚಾರಿಸಿ.

ಭವತು ಸಬ್ಬ ಮಂಗಲಂ. ಜೈಭೀಮ್.